ಕಿಟಕಿ ಇದ್ದ ಕಡೆಗೆ

ಮೇ ೧೯

ಪ್ರೀತಿಯ ತಂಗಿಗೆ,

ಸುಖವಾಗಿ ತಲುಪಿದೆ. ನಿಮ್ಮನ್ನು ಎಬ್ಬಿಸದೆ ಹೊರಟದ್ದು ಸರಿಯಲ್ಲವೆಂಬುದು ನಿಲ್ದಾಣ ಮುಟ್ಟುವ ಹೊತ್ತಿಗೆ ನನಗೇ ತಿಳಿದಿತ್ತು. ಅಷ್ಟರಲ್ಲಿ ಟಿಕೆಟ್ ಕೊಂಡಾಗಿತ್ತು. ಕೊಂಡ ಟಿಕೆಟನ್ನು ಹಿಂದಿರುಗಿಸುವ ಅಭ್ಯಾಸ ನನಗಿಲ್ಲ ಎಂಬುದು ನಿನಗೆ ಗೊತ್ತು.

ರಜೆ ಇನ್ನೂ ಉಳಿದಿದೆಯಾದರೂ ಶೀತಲಗೃಹಕ್ಕೆ ಹೋಗಿಬಂದೆ. ಕಂಪ್ರೆಸರ್ ಹಾಲ್‌ನಲ್ಲಿ ಎರಡನೆಯ ಯಂತ್ರದ ಕಂಪನ ಸ್ವಲ್ಪ ಹೆಚ್ಚಾಗಿದೆ. ಅಂಗೈ ಇಟ್ಟು ನೋಡಿದೆ. ಮುಂದಿನ ತಿಂಗಳಿನಿಂದ ನನ್ನನ್ನು ಆ ಹಾಲ್‌ನಿಂದ ತೆಗೆದು ನಕಾಶೆ ಕೋಣೆಗೆ ಹಾಕುತ್ತಾರಂತೆ. ವಯಸ್ಸಾಯಿತಲ್ಲ, ನೆರಳಿನಲ್ಲಿ ಕೂರಲಿ ಎಂಬ ಉದ್ದೇಶವಿರಬಹುದು.

ಮನೆ ಬಿಟ್ಟು ಹೋದಂತೆಯೇ ಇದೆ. ಮೇಜಿನ ಮೇಲೆ ಮಡಚಿಟ್ಟ ಕನ್ನಡಕದ ಬಟ್ಟೆ ಮಡಚಿದಂತೆಯೇ ಇತ್ತು. ಚಹಾಕ್ಕೆ ನೀರಿಟ್ಟರೆ ಕುದಿಯುವವರೆಗೂ ಒಲೆಯ ಮುಂದೆ ನಿಂತೇ ಇರುತ್ತೇನೆ. ಈಚಿನ ಅಭ್ಯಾಸ. ಒಂದು ಕೆಟಲ್ ಸೀದುಹೋದ ಮೇಲೆ ಬಂದದ್ದು.

ನೀನು ಫೋನು ಮಾಡಿರಬಹುದು. ಇಲ್ಲಿಯ ಉಪಕರಣ ಸರಿಯಿಲ್ಲ. ಹೇಳುವುದನ್ನು ಬರೆ. ಅಮೆರಿಕದ ಕಾದಂಬರಿಗಳ ಮೇಲಿನ ನಿನ್ನ ಪುಸ್ತಕದ ಅಧ್ಯಾಯವನ್ನು ಓದಲು ಕೊಡುತ್ತೇನೆಂದಿದ್ದೆ, ಅದನ್ನೂ ಕಳುಹಿಸು.

ನಿನ್ನ ಅಣ್ಣ

*

ಮೇ ೩೦

ಅಣ್ಣಾ,

ಫೋನು ಸರಿಯಿಲ್ಲವಂತೆ! ಊರಿನ ಯಂತ್ರಗಳನ್ನೆಲ್ಲ ಮುಟ್ಟಿ ಜ್ವರ ನೋಡುವವನ ಮನೆಯಲ್ಲಿ ಫೋನು ಕೆಟ್ಟು ಕೂತಿದೆ. ನಂಬುತ್ತೇನೆ ಬಿಡು, ನನ್ನ ಕಿವಿಯ ಮೇಲೆ ಹೂವಿಡುವವನು ನೀನೊಬ್ಬನೇ ಅಲ್ಲ.

ಆ ರಾತ್ರಿಯ ಊಟದ ವಿಷಯವಾಗಿ ನಿನ್ನ ಕಾಗದದಲ್ಲಿ ಒಂದು ಸಾಲೂ ಇಲ್ಲ. ಹಾಗಾಗಿ ನಾನೇ ಬರೆಯುತ್ತೇನೆ. ನಮ್ಮ ಪೀಪಿ ನಿನ್ನ ಪಕ್ಕದಲ್ಲಿ ನಿಂತು, ಶಾಲೆಯಲ್ಲಿ ಕಲಿತ ಒಗಟನ್ನು ಹೇಳುತ್ತಿದ್ದಳು. ಆ ಮಗುವಿಗೆ ಪೀಪಿ ಅಂತ ಹೆಸರಿಟ್ಟವನು ನೀನು. ತೊಟ್ಟಿಲಲ್ಲಿ ಅತ್ತಾಗ, 'ಇದೇನು, ಜಾತ್ರೆ ಪೀಪಿ ಊದಿದ ಹಾಗಿದೆ' ಅಂದೆಯಲ್ಲ. ಅಂಥ ಮಗುವಿನ ಗಲ್ಲವನ್ನು ಬೆರಳಲ್ಲಿ ಹಿಡಿದು, ಮುಖವನ್ನು ಪಟ್ಟನೆ ಆಚೆ ತಿರುಗಿಸಿದೆ. ಬೆಚ್ಚಿಬಿದ್ದು ಅವಳ ಕೈಯ ಲೋಟ ಜಾರಿತು. ನಾನು ನಿನ್ನ ಕೈ ತಳ್ಳಿ, 'ಥೇಟ್ ಅಪ್ಪನ ಹಾಗೇ ಆಗ್ಬಿಟ್ಯಲ್ಲೋ! ಆ ಮಿಲ್ಲಿನ ಸಾಲುಮನೆ ನಿನ್ನ ಬಿಡ್ಲೇ ಇಲ್ಲ' ಅಂದೆ. ಜೋರಾಗಿಯೇ ಅಂದೆ. ಅಂದದ್ದಕ್ಕೆ ಪಶ್ಚಾತ್ತಾಪವಿಲ್ಲ. ನೀನು ಬೆಳಗಾಗುವ ಮೊದಲು ಹೊರಟುಬಿಟ್ಟದ್ದಕ್ಕೆ ಸಂಕಟವಿದೆ.

ಅಧ್ಯಾಯ ಇದರೊಂದಿಗಿದೆ. ಪರಿಸರ ಪಾತ್ರವನ್ನು ಹೇಗೆ ಕಟ್ಟುತ್ತದೆ ಎಂಬುದೇ ಅದರ ವಿಷಯ. ಆ ದೇಶದ, ಹತ್ತೊಂಬತ್ತನೆಯ ಶತಮಾನದ ಕೊನೆಯ ಕಥೆಗಳಲ್ಲಿ ಮೊದಲು ಬರುವುದು ಮನುಷ್ಯನಲ್ಲ, ಅವನು ದಿನಾ ಹತ್ತಿಳಿಯುವ ಮೆಟ್ಟಿಲು. ಗೋಡೆಯ ಪಸೆ, ಕಾರ್ಖಾನೆಯ ಹೊಗೆ, ಕಸಾಯಿಖಾನೆಯ ವಾಸನೆ, ಮೂಳೆ ಕೊರೆಯುವ ಚಳಿ. ಇವೆಲ್ಲ ಬಂದು ಕೂತ ಮೇಲೆ, ಉಳಿದ ಜಾಗದಲ್ಲಿ ಮನುಷ್ಯ ಬಂದು ನಿಲ್ಲುತ್ತಾನೆ. ವಾಸ್ತವವಾದಿಗಳ ಪಾತ್ರ ಆ ಪರಿಸರದ ಜೊತೆ ಇನ್ನೂ ಚೌಕಾಶಿ ಮಾಡುತ್ತಿರುತ್ತದೆ. ಒಂದಿಷ್ಟು ಬಿಟ್ಟುಕೊಟ್ಟು, ಒಂದಿಷ್ಟು ಉಳಿಸಿಕೊಳ್ಳುತ್ತದೆ. ನಿಸರ್ಗವಾದಿಗಳಲ್ಲಿ ಚೌಕಾಶಿ ಅವನು ಹುಟ್ಟುವ ಮೊದಲೇ ಮುಗಿದಿರುತ್ತದೆ.

ವಿದ್ಯಾರ್ಥಿಗಳಿಗೆ ಇದು ದೂರದ ಮಾತಾಗಬಾರದೆಂದು ಶುರುವಿನಲ್ಲಿ ನಮ್ಮದೇ ಒಂದು ಉದಾಹರಣೆ ಕೊಟ್ಟಿದ್ದೇನೆ: ಮಿಲ್ಲಿನ ಒಬ್ಬ ನೇಕಾರ. ಹಗಲೆಲ್ಲ ಮಗ್ಗಗಳ ನಡುವೆ ನಿಂತು ನಿಂತು ಅವನೂ ಮಗ್ಗವಾಗಿದ್ದಾನೆ. ಮಗಳು ಏನಾದರೂ ಹೇಳಹೊರಟರೆ ಗಲ್ಲ ಹಿಡಿದು, ಮುಖ ತಿರುಗಿಸಿ, ಕಳ್ಳರನ್ನು ನೋಡುವ ಹಾಗೆ ನೋಡುತ್ತಾನೆ. ಹೆಸರು ಹಾಕಿಲ್ಲ. ನಿನಗೆ ಹೆಸರು ಬೇಡ.

ನಿನ್ನ ತಂಗಿ

*

ಜೂನ್ ೧೪

ಪ್ರೀತಿಯ ತಂಗಿಗೆ,

ಅಧ್ಯಾಯವನ್ನು ಎರಡು ಬಾರಿ ಓದಿದೆ. ಭಾಷೆ ಸ್ವಚ್ಛವಾಗಿದೆ. ಸಾಹಿತ್ಯದ ಬಗ್ಗೆ ಹೇಳುವ ಅರ್ಹತೆ ನನಗಿಲ್ಲ. ಎರಡು ಮಾತನ್ನು ಮಾತ್ರ ಬರೆಯುತ್ತೇನೆ.

ಮೊದಲನೆಯದು. ಒಂದೇ ಭಾರವನ್ನು ಮೃದು ಉಕ್ಕಿನ ಸರಳಿನ ಮೇಲೂ ಎರಕದ ಕಬ್ಬಿಣದ ಸರಳಿನ ಮೇಲೂ ಹೇರಿದರೆ ಒಂದು ಬಾಗುತ್ತದೆ, ಇನ್ನೊಂದು ಮುರಿಯುತ್ತದೆ. ಭಾರವನ್ನು ಮಾತ್ರ ಬರೆದು, ಲೋಹ ಯಾವುದೆಂದು ಬರೆಯದಿದ್ದರೆ ಲೆಕ್ಕ ಅರ್ಧವಾಯಿತು. ಒಂದೇ ಸಾಲುಮನೆಯ ಒಂದೇ ಚಾಪೆಯ ಮೇಲೆ ಮಲಗಿ ನಾವಿಬ್ಬರೂ ಬೆಳೆದೆವು. ನೀನು ಮಾತೇ ಬದುಕಾದ ಅಧ್ಯಾಪಕಿ, ನಾನು ಹೀಗೆ.

ಎರಡನೆಯದು ನೇಕಾರನ ಕುರಿತು. ಆ ಉದಾಹರಣೆಯನ್ನು ತೆಗೆಯಬೇಡ, ತಿದ್ದು.

ಅಪ್ಪನಿಗೆ ಬುತ್ತಿ ಕೊಡಲು ನೇಯ್ಗೆ ಶೆಡ್ಡಿನ ಒಳಗೆ ಹೋಗುತ್ತಿದ್ದವನು ನಾನು. ನಿನ್ನನ್ನು ಗೇಟಿನಾಚೆ ಬಿಡುತ್ತಿರಲಿಲ್ಲ. ಒಳಗೆ ನೂರಾರು ಲಾಳಿಗಳು ಒಟ್ಟಿಗೆ ಬಡಿಯುತ್ತಿದ್ದವು. ಆ ಸದ್ದು ಕಿವಿಗೆ ಕೇಳುವುದಲ್ಲ, ಹಲ್ಲಿಗೆ ತಾಗುವುದು. ಅಲ್ಲಿ ಯಾರೂ ಕೂಗಿ ಮಾತಾಡುತ್ತಿರಲಿಲ್ಲ, ಏಕೆಂದರೆ ಕೂಗಿ ಪ್ರಯೋಜನವಿರಲಿಲ್ಲ. ಎಲ್ಲರೂ ತುಟಿಗಳನ್ನು ಅಗಲವಾಗಿ ಆಡಿಸಿ, ಎದುರಿನವನ ತುಟಿ ನೋಡಿ ಮಾತಾಡುತ್ತಿದ್ದರು. ಜೋಕು ಕಟ್ಟುತ್ತಿದ್ದರು, ಬಯ್ಯುತ್ತಿದ್ದರು. ಎರಡು ಮಗ್ಗದಾಚೆ ನಿಂತವನು ದನಿಯಿಲ್ಲದೆ ಏನೋ ಅನ್ನುವನು, ಇವರು ಹೊಟ್ಟೆ ಹಿಡಿದು ನಗುವರು. ಅಪ್ಪನನ್ನು ನಗುವಾಗ ನಾನು ನೋಡಿದ್ದು ಅಲ್ಲಿಯೇ ಹೆಚ್ಚು.

ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಅವರಿಗೆ ಕಿವಿ ಬಹುಪಾಲು ಹೋಗಿತ್ತು. ಮನೆಯಲ್ಲಿ ನಮ್ಮ ಮಾತನ್ನೂ ಅವರು ತುಟಿಯಿಂದಲೇ ಓದುತ್ತಿದ್ದರು. ಸಾಲುಮನೆಗೆ ಇದ್ದುದು ಒಂದೇ ಕಿಟಕಿ, ಬೀದಿಯ ಕಡೆಗೆ. ನೀನು ಓಡಿಬಂದು ಅದಕ್ಕೆ ಬೆನ್ನು ಮಾಡಿ ನಿಂತು ಮಾತು ಶುರು ಮಾಡುತ್ತಿದ್ದೆ. ನಿನ್ನ ಮುಖ ಅವರಿಗೆ ಬರೀ ಕಪ್ಪು. ಆಗ ಗಲ್ಲ ಹಿಡಿದು ಬೆಳಕಿಗೆ ತಿರುಗಿಸುತ್ತಿದ್ದರು. ಕಳ್ಳರನ್ನು ನೋಡುವ ನೋಟವಲ್ಲ ಅದು. ಒಂದು ಅಕ್ಷರವೂ ತಪ್ಪಬಾರದೆಂಬ ನೋಟ.

ಇದನ್ನು ನಿನಗೆ ಹೇಳಕೂಡದೆಂದು ಅವರೇ ನನ್ನಿಂದ ಮಾತು ತೆಗೆದುಕೊಂಡಿದ್ದರು. 'ಅವಳಿಗೆ ಹೇಳ್ಬೇಡ ಮಗಾ. ಗೊತ್ತಾದ್ರೆ ಹಾಡೋದು ನಿಲ್ಲಿಸ್ತಾಳೆ' ಎಂದಿದ್ದರು. ನೀನು ಹಾಡುವಾಗ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂರುತ್ತಿದ್ದರಲ್ಲ.

ಇಲ್ಲಿ ವಿಶೇಷವೇನಿಲ್ಲ. ನಕಾಶೆ ಕೋಣೆಗೆ ಬಂದಾಯಿತು. ಕಿಟಕಿ ದೊಡ್ಡದಿದೆ.

ನಿನ್ನ ಅಣ್ಣ

*

ಜೂನ್ ೨೩

ಅಣ್ಣಾ,

ಅಪ್ಪ ಹೋಗಿ ಇಷ್ಟು ಕಾಲವಾದ ಮೇಲೆ, ಕಬ್ಬಿಣದ ಸರಳಿನ ಲೆಕ್ಕದ ಕೆಳಗೆ ಎರಡನೆಯ ಅಂಶವಾಗಿ ಇದನ್ನು ಬರೆಯುತ್ತೀಯಲ್ಲ, ನೀನು ಎಂಥ ಮನುಷ್ಯ?

ಹಾಡುವಾಗ ಅಪ್ಪ ಎದುರು ಬಂದು ಕೂತರೆ ನಾನು ಸಾಲು ಮರೆಯುತ್ತಿದ್ದೆ. ತಪ್ಪು ಹಿಡಿಯಲು ಕೂತಿದ್ದಾರೆ ಅಂದುಕೊಳ್ಳುತ್ತಿದ್ದೆ. ನಾನು ಹಾಡು ಬಿಟ್ಟದ್ದೇ ಅದಕ್ಕೆ. ನೀವಿಬ್ಬರೂ ಸೇರಿ ಉಳಿಸಲು ನೋಡಿದ್ದನ್ನು ನೀವಿಬ್ಬರೂ ಸೇರಿಯೇ ಕಳೆದಿರಿ. ಇದು ಗೊತ್ತಿತ್ತೇ ನಿನಗೆ?

ನಿನ್ನ ಲೋಹದ ಮಾತಿಗೆ ಉತ್ತರ ಕೊಡುತ್ತೇನೆ. ಉಕ್ಕೋ ಎರಕವೋ, ಅದನ್ನು ಅಚ್ಚಿಗೆ ಹೊಯ್ದವರು ಯಾರು? ಅದೇ ಸಾಲುಮನೆ, ಅದೇ ಶೆಡ್ಡು, ಅಪ್ಪನ ಅಪ್ಪ ದುಡಿದದ್ದೂ ಅಲ್ಲಿಯೇ. ನಿಸರ್ಗವಾದಿ ಕೇಳುವುದು ಈ ಪ್ರಶ್ನೆಯನ್ನೇ. ಲೋಹ ಬೇರೆ, ಭಾರ ಬೇರೆ ಎಂದು ನೀನು ಹಾಕಿದ ಗೆರೆಯನ್ನು ಅವನು ಒಪ್ಪುವುದಿಲ್ಲ. ಕಾರಣ ತಿಳಿದ ಮಾತ್ರಕ್ಕೆ ಗಾಯ ಮಾಯುವುದಿಲ್ಲ ಎಂಬುದನ್ನೂ ಆ ಕಾದಂಬರಿಗಳೇ ನನಗೆ ಕಲಿಸಿದ್ದು. ಮಗುವಾಗಿದ್ದ ನನಗೆ ಸಿಕ್ಕಿದ್ದು ಕಾರಣವಲ್ಲ, ಗಲ್ಲದ ಮೇಲಿನ ಬೆರಳು.

ಸರಿ, ಅಪ್ಪನಿಗೆ ಕಿವಿ ಇರಲಿಲ್ಲ. ಒಪ್ಪಿದೆ. ನಿನಗೇನಾಗಿತ್ತು? ನೀನು ದುಡಿಯುವುದು ಮಿಲ್ಲಿನಲ್ಲಲ್ಲ. ಇಂಜಿನಿಯರು, ಕೋಟು, ಕನ್ನಡಕ, ಅಳತೆಪಟ್ಟಿ. ಅಪ್ಪನ ನೆಪದ ಹಿಂದೆ ನಿನ್ನ ಕೈಯನ್ನು ಬಚ್ಚಿಡಬೇಡ. ನನ್ನ ಮಗಳ ಗಲ್ಲ ಯಾಕೆ ಹಿಡಿದೆ? ನೇರವಾಗಿ ಕೇಳುತ್ತಿದ್ದೇನೆ, ನೇರವಾಗಿ ಬರೆ. ಉತ್ತರ ಬರುವ ತನಕ ಈ ಮನೆಗೆ ನೀನು ಬರುವ ವಿಷಯ ಬೇಡ.

ಪೀಪಿ ಪಕ್ಕದಲ್ಲೇ ನಿಂತು, 'ಮಾಮ ನನ್ನ ಒಗಟಿಗೆ ಉತ್ತರ ಹೇಳ್ದೆ ಓಡಿಹೋದ್ರು, ಸೋತ್ರು ಅಂತ ಬರಿ' ಅನ್ನುತ್ತಿದ್ದಾಳೆ. ಬರೆದಿದ್ದೇನೆ.

ತಂಗಿ

*

ಜುಲೈ ೨೮

ಪ್ರೀತಿಯ ತಂಗಿಗೆ,

ಉತ್ತರ ತಡವಾಯಿತು. ಕೆಲಸವಿತ್ತು ಎಂದು ಬರೆಯಬಹುದು, ಆದರೆ ನಕಾಶೆ ಕೋಣೆಯಲ್ಲಿ ಅಂಥ ಕೆಲಸವಿಲ್ಲ.

ಹಾಡಿನ ವಿಷಯ ನನಗೆ ಗೊತ್ತಿರಲಿಲ್ಲ. ಆಸಕ್ತಿ ಓದಿನ ಕಡೆಗೆ ಹೊರಳಿತು ಎಂದುಕೊಂಡಿದ್ದೆ. ಅಪ್ಪನೂ ಹಾಗೆಯೇ ಅಂದುಕೊಂಡರು. ಆಮೇಲೆ ಕೆಲವು ಸಂಜೆ ಅವರು ನಿನ್ನ ಹಾಡಿಗೆ ಕೂರುತ್ತಿದ್ದ ಜಾಗದಲ್ಲೇ ಕೂತಿರುತ್ತಿದ್ದರು.

ನೀನು ಕೇಳಿದ ಪ್ರಶ್ನೆಗೆ ಬರೆಯಲು ಕುಳಿತೆ. ಬರೆದುದನ್ನು ಓದಿದಾಗ ನೆಪದಂತೆ ಕಂಡಿತು. ಹರಿದೆ. ಮಗು ಬೆಚ್ಚಿದ್ದು ನಿಜ, ಬೆಚ್ಚಿಸಿದ ಕೈ ನನ್ನದು. ಇದಕ್ಕಿಂತ ಹೆಚ್ಚಿನ ವಿವರಣೆ ನನ್ನಲ್ಲಿಲ್ಲ. ಆದ್ದರಿಂದ ವರ್ಷದ ಕೊನೆಯ ರಜೆಗೆ ನಾನು ಬರುವುದಿಲ್ಲ. ಮುಂದಿನ ರಜೆಗಳಿಗೂ ನನಗಾಗಿ ಹಾಸಿಗೆ ಹಾಸಿಡಬೇಡ. ಆ ಕೋಣೆಯನ್ನು ಪೀಪಿಯ ಓದಿಗೆ ಮಾಡಿಕೊಡು. ಭಾವನವರಿಗೆ ನನ್ನ ನಮಸ್ಕಾರ ತಿಳಿಸು.

ನೀನು ನಗುವಂಥದ್ದೊಂದನ್ನು ಬರೆಯುತ್ತೇನೆ. ನನ್ನ ಹಳೆಯ ಕಂಪ್ರೆಸರ್ ಹಾಲ್‌ನಲ್ಲಿ ಒಬ್ಬ ಫಿಟ್ಟರ್ ಇದ್ದಾನೆ, ಬಾಯಿ ತುಂಬ ತಮಾಷೆ. ನಾನು ಅಲ್ಲಿಂದ ಹೊರಟ ದಿನದ ಬೀಳ್ಕೊಡುಗೆಯಲ್ಲಿ ಎಲ್ಲರೂ ನಗುತ್ತಿದ್ದರು. ಅವನು ಅಂದದ್ದನ್ನು ಸ್ಟೋರ್ ಕೀಪರು ಆಮೇಲೆ ಒಂದು ಚೀಟಿಯಲ್ಲಿ ಬರೆದುಕೊಟ್ಟರು: 'ಇಂಥ ಸಾಹೇಬ್ರು ಎಲ್ಲಿ ಸಿಗ್ತಾರೆ ಹೇಳಿ! ರಜಾ ಬೇಕು ಅಂದ್ರೂ ಹೂಂ, ಓವರ್‌ಟೈಮ್ ಬೇಕು ಅಂದ್ರೂ ಹೂಂ. ಹೋದ ವಾರ, ನಿಮ್ ಕುರ್ಚಿ ನನಗೇ ಕೊಡಿ ಸಾರ್ ಅಂದೆ. ಅದಕ್ಕೂ ಹೂಂ ಅಂದ್ರು. ಈಗ ನೋಡಿ, ಕುರ್ಚಿ ಖಾಲಿ!' ನಾನೂ ನಕ್ಕೆ.

ನಕಾಶೆ ಕೋಣೆ ಶಾಂತವಾಗಿದೆ. ಎದುರಿನ ಮೇಜಿನ ಯುವತಿ ಇಡೀ ದಿನ ತಲೆ ತಗ್ಗಿಸಿ ಗೆರೆ ಎಳೆಯುತ್ತಾಳೆ. ನಾನು ಮಧ್ಯಾಹ್ನ ಅಂಗಳ ದಾಟಿ ಹೋಗಿ ಕಂಪ್ರೆಸರ್ ಹಾಲ್‌ನ ಹೊರಗೋಡೆಗೆ ಸ್ವಲ್ಪ ಹೊತ್ತು ಬೆನ್ನು ಆನಿಸಿ ನಿಲ್ಲುತ್ತೇನೆ. ಗೋಡೆ ನಡುಗುತ್ತದೆ. ಅದೇ ನನಗೆ ಜೊತೆ.

ಪೀಪಿಗೆ ಹೇಳು: ನಾನು ಸೋತಿಲ್ಲ. ಒಗಟನ್ನು ಒಂದು ಕಾಗದದಲ್ಲಿ ಬರೆದು ಕಳುಹಿಸಲಿ, ಬಿಡಿಸುತ್ತೇನೆ.

ನಿನ್ನ ಅಣ್ಣ

*

ಅಕ್ಟೋಬರ್ ೪

ಅಣ್ಣಾ,

ನಿನ್ನ ಹೋದ ಕಾಗದಕ್ಕೆ ನಾನು ಉತ್ತರ ಬರೆಯಬಾರದೆಂದಿದ್ದೆ. ಬರುವುದಿಲ್ಲ ಅಂದವನನ್ನು ಕರೆಯುವುದು ಹೇಗೆ? ಹಟ ನಿನ್ನೊಬ್ಬನ ಆಸ್ತಿಯಲ್ಲ, ಅದರಲ್ಲಿ ನನಗೂ ಸಮಪಾಲು ಬಂದಿದೆ. ಕಾಗದವನ್ನು ಡಬ್ಬದಲ್ಲಿಟ್ಟು ಮುಚ್ಚಿದ್ದೆ.

ಮೊನ್ನೆ ಪೀಪಿ ಏನೋ ಹುಡುಕುತ್ತಾ ಅದನ್ನು ತೆಗೆದು ಓದಿದಳು. ಫಿಟ್ಟರನ ಜೋಕು ಓದಿ ನಗುತ್ತಾಳೆ ಅಂದುಕೊಂಡರೆ ಮುಖ ಸಣ್ಣಗೆ ಮಾಡಿಕೊಂಡು ಬಂದಳು.

'ಅಮ್ಮಾ, ಮಾಮಂಗೆ ಗೊತ್ತಾಗ್ಬಿಟ್ಟಿದ್ಯಾ?'

'ಏನೇ ಗೊತ್ತಾಗೋದು?'

'ಅವ್ರಿಗೆ ನನ್ನ ದನಿ ಕೇಳಲ್ಲ ಅನ್ನೋದು ನನಗೆ ಗೊತ್ತು ಅಂತ.'

'ಯಾರು ಹೇಳಿದ್ದು ನಿಂಗೆ?'

'ಯಾರೂ ಹೇಳ್ಲಿಲ್ಲ. ಬೆನ್ನ ಹಿಂದೆ ನಿಂತು ಕರೆದ್ರೆ ತಿರುಗಲ್ಲ. ನೀನು ಕರೆದ್ರೆ ತಿರುಗ್ತಾರೆ. ನಾನು ಕರೆದ್ರೆ ಇಲ್ಲ. ಒಗಟು ಎಷ್ಟು ಸಲ ಹೇಳ್ದೆ ಅವತ್ತು! ಎಲ್ಲದಕ್ಕೂ ಹೂಂ ಹೂಂ ಅಂದ್ರು. ಒಗಟಿಗೆ ಯಾರಾದ್ರೂ ಹೂಂ ಅಂತಾರಾ?'

'ಮತ್ತೆ ನನಗ್ಯಾಕೆ ಹೇಳ್ಲಿಲ್ಲ ನೀನು?'

'ಪಾಪ ಮಾಮ, ಅಮ್ಮಾ. ಅಷ್ಟು ಚೆನ್ನಾಗಿ ಕೇಳೋ ಹಾಗೆ ನಟನೆ ಮಾಡ್ತಿದ್ರು. ಹಾಳು ಮಾಡೋದು ಯಾಕೆ ಅಂತ.'

ಅಪ್ಪ ನಿನ್ನಿಂದ ಮಾತು ತೆಗೆದುಕೊಂಡರು, ಇವಳು ತನ್ನಿಂದಲೇ ತಾನು ಮಾತು ತೆಗೆದುಕೊಂಡಳು. ಈ ಮನೆತನದಲ್ಲಿ ನನ್ನನ್ನು ಬಿಟ್ಟು ಎಲ್ಲರಿಗೂ ಎಲ್ಲವೂ ಗೊತ್ತು.

ಆಮೇಲೆ ಊಟದ ಕೋಣೆಗೆ ಹೋಗಿ, ಆ ರಾತ್ರಿ ನೀನು ಕೂತ ಕುರ್ಚಿಯಲ್ಲಿ ಕೂತೆ. ಪೀಪಿಯನ್ನು ಆವತ್ತು ನಿಂತ ಜಾಗದಲ್ಲೇ ನಿಲ್ಲಿಸಿದೆ. ದೀಪ ಅವಳ ತಲೆಯ ಹಿಂದೆ. ಮುಖ ಕಾಣಲಿಲ್ಲ ಅಣ್ಣಾ. ಕಪ್ಪು. ನೀನು ತಿರುಗಿಸಿದ್ದು ದೀಪದ ಕಡೆಗೆ.

ವರ್ಷಗಟ್ಟಲೆ ಆ ಕಾದಂಬರಿಗಳನ್ನು ಪಾಠ ಹೇಳಿದವಳು ನಾನು. ಮೆಟ್ಟಿಲು ನೋಡಿ, ಗೋಡೆ ನೋಡಿ, ವಾಸನೆ ನೋಡಿ, ಅಲ್ಲಿ ಮನುಷ್ಯನಿದ್ದಾನೆ ಅನ್ನುತ್ತಿದ್ದೆ. ಅಪ್ಪನನ್ನು ಬರೆಯುವಾಗ ಮಗ್ಗ ಬರೆದೆ, ಬೆರಳು ಬರೆದೆ. ಕಿಟಕಿ ಎಲ್ಲಿತ್ತು ಅಂತ ಬರೆಯಲಿಲ್ಲ. ನೀನು ಬರೆದು ಕಳುಹಿಸಿದ ಮೇಲೂ ನನ್ನ ಮನೆಯ ದೀಪ ಎಲ್ಲಿದೆ ಅಂತ ನೋಡಲಿಲ್ಲ. ಆ ಶೆಡ್ಡು ಅಪ್ಪನ ಕಿವಿ ತೆಗೆದುಕೊಂಡಿತು, ನಿನ್ನ ಕಂಪ್ರೆಸರ್ ಹಾಲ್ ನಿನ್ನದನ್ನು ತೆಗೆದುಕೊಳ್ಳುತ್ತಿದೆ. ನನ್ನ ಅಧ್ಯಾಯ ಅಷ್ಟರ ಮಟ್ಟಿಗೆ ಸುಳ್ಳಲ್ಲ. ಆದರೆ ಕೇಳಲಾರದವನು ಕೇಳಲೇಬೇಕೆಂದು ಕೈ ಚಾಚುತ್ತಾನಲ್ಲ, ಅದನ್ನು ಯಾವ ಶೆಡ್ಡು ಕಲಿಸಿತು? ಅದಕ್ಕೆ ಉತ್ತರ ಬರೆಯಲು ಕೂತರೆ ಪುಟ ಮುಂದೆ ಸಾಗುವುದಿಲ್ಲ. ನೇಕಾರನ ಭಾಗವನ್ನು ಹೊಡೆದುಹಾಕಿ ಹೊಸದಾಗಿ ಬರೆಯುತ್ತಿದ್ದೇನೆ. ಕಿಟಕಿಯಿಂದ ಶುರು.

ಈಗ ಬೈಗುಳ. ಫೋನು ಕೆಟ್ಟಿದೆ ಅಂದೆಯಲ್ಲೋ, ಸುಳ್ಳುಬುರುಕ! ನಾನು ಅದಕ್ಕೆ ಕರೆ ಮಾಡಿ ಮಾಡಿ, ನೀನು ಸಿಟ್ಟಿನಿಂದ ಎತ್ತುತ್ತಿಲ್ಲ ಅಂತ ಅತ್ತಿದ್ದೇನೆ. ಡಾಕ್ಟರ ಹತ್ತಿರ ಹೋದೆಯಾ? ಎಷ್ಟು ಹೋಗಿದೆ, ಎಷ್ಟು ಉಳಿದಿದೆ? ಯಂತ್ರದ ವರದಿಯಂತಾದರೂ ಬರೆ. ನಿನ್ನ ಹಾಸಿಗೆ ಎತ್ತಿಟ್ಟಿಲ್ಲ. ಊಟದ ಮೇಜನ್ನು ನಾವಿಬ್ಬರೂ ಎಳೆದು ಕಿಟಕಿಯ ಪಕ್ಕಕ್ಕೆ ಹಾಕಿದ್ದೇವೆ. ನಿನ್ನ ಭಾವನಿಗೆ ದಿನಕ್ಕೊಮ್ಮೆ ಅದರ ಮೂಲೆ ಸೊಂಟಕ್ಕೆ ತಾಗುತ್ತದೆ. 'ನಿಮ್ಮಣ್ಣ ಬರೋ ಹೊತ್ತಿಗೆ ನಾನು ಕುಂಟ್ತಿರ್ತೀನಿ' ಅನ್ನುತ್ತಾರೆ.

ಒಗಟನ್ನು ಬರೆದು ಕಳುಹಿಸು ಅಂದೆಯಲ್ಲ. ಪೀಪಿ ಒಪ್ಪುತ್ತಿಲ್ಲ. 'ಬರೆದ್ರೆ ಮಜಾ ಹೋಗುತ್ತೆ. ಮಾಮ ಬರ್ಲಿ' ಅಂದಳು.

ತಂಗಿ

*

ಅಕ್ಟೋಬರ್ ೧೩

ಪ್ರೀತಿಯ ತಂಗಿಗೆ,

ವರದಿ ಕೇಳಿದ್ದೀಯ. ಮೊದಲು ಹೋಗುವುದು ತೆಳುವಾದ, ಎತ್ತರದ ಸ್ವರಗಳು. ದಪ್ಪ ಸ್ವರಗಳು ಬಹಳ ಕಾಲ ಉಳಿಯುತ್ತವೆ. ಗದ್ದಲದಲ್ಲಿ ಮಾತು ತಿಳಿಯದಿದ್ದರೂ ಫಿಟ್ಟರನ ಗಂಟಲು, ಭಾವನವರ ಕೆಮ್ಮು, ಹತ್ತಿರವಿದ್ದರೆ ನಿನ್ನ ಬೈಗುಳ ಇನ್ನೂ ಕೇಳುತ್ತವೆ. ಬೆಳಗಿನ ಹಕ್ಕಿಗಳು, ಕೆಟಲಿನ ಸೀಟಿ, ಪೀಪಿ ಇವು ಇಲ್ಲ. ಜಗತ್ತಿನಲ್ಲಿ ಅಷ್ಟೊಂದು ಸದ್ದುಗಳಿರುವಾಗ ಇದೇ ಮೊದಲು ಹೋಗಬೇಕಿತ್ತೇ ಎಂದು ಪರೀಕ್ಷೆಯ ಕೋಣೆಯಲ್ಲಿ ಅನ್ನಿಸಿತು. ಡಾಕ್ಟರಿಗೆ ಹೇಳಲಿಲ್ಲ. ಕಿವಿಗೆ ಹಾಕುವ ಸಾಧನವನ್ನು ಬರೆದುಕೊಟ್ಟಿದ್ದಾರೆ. ಸ್ವಲ್ಪ ಮಟ್ಟಿಗೆ ಉಪಯೋಗವಾಗಬಹುದಂತೆ. ಇಷ್ಟು ದಿನ ಡ್ರಾಯರಿನಲ್ಲಿತ್ತು. ಇಂದು ಬೆಳಿಗ್ಗೆ ಹಾಕಿ ಕುಳಿತಿದ್ದೇನೆ. ಕಾಗದದ ಮೇಲೆ ಲೇಖನಿಗೂ ಸದ್ದಿದೆ ಎಂಬುದು ಮರೆತುಹೋಗಿತ್ತು.

ಆ ರಾತ್ರಿ ಕೈ ತಾನಾಗಿಯೇ ಹೋಯಿತು. ಹೋದ ಮೇಲೆ ನೋಡಿದರೆ ಅದು ಅಪ್ಪನ ಕೈ. ನೀನು ಅಂದದ್ದು ಸರಿಯಾಗಿತ್ತು. ಆದ್ದರಿಂದಲೇ ಅಲ್ಲಿ ನಿಲ್ಲಲಾಗಲಿಲ್ಲ. ಅಪ್ಪನಿಗಾದರೆ ಹಾಡು ನಿಂತೀತೆಂಬ ಭಯವಿತ್ತು. ನನಗೆ, ಪೀಪಿ ನನ್ನ ಮುಂದೆ ಮಾತು ಕಡಿಮೆ ಮಾಡಿಯಾಳೆಂಬ ಭಯ.

ಇಪ್ಪತ್ತೆರಡರ ಸಂಜೆಯ ರೈಲಿಗೆ ಬರುತ್ತೇನೆ. ಟಿಕೆಟ್ ಕೊಂಡಾಗಿದೆ.

ನಿಲ್ದಾಣದಲ್ಲಿ ನನ್ನನ್ನು ಕೂಗಿ ಕರೆಯಬೇಡಿ. ಪ್ಲಾಟ್‌ಫಾರಮ್ಮಿನ ಗಡಿಯಾರದ ಕೆಳಗೆ ಒಂದು ದೊಡ್ಡ ದೀಪವಿದೆ. ಪೀಪಿ ಅದಕ್ಕೆ ಮುಖ ಮಾಡಿ ನಿಂತಿರಲಿ. ಒಗಟನ್ನು ಅಲ್ಲಿಯೇ ಹೇಳಲಿ. ಈ ಸಲ ಹೂಂ ಅನ್ನುವುದಿಲ್ಲ. ತಿಳಿಯದಿದ್ದರೆ, 'ಇನ್ನೊಮ್ಮೆ ಹೇಳು' ಅನ್ನುತ್ತೇನೆ.

ನಿನ್ನ ಅಣ್ಣ